ಕಡಿಮೆ ಖರ್ಚಿನ ದ್ವೀಪ

ಎರಡು ಸಲ ಕರೆದರೂ ಹನ್ನೊಂದು ಗಂಟೆಯ ಪೇಷೆಂಟ್ ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ಫೈಲ್ ಹಿಡಿದು ನಿಂತಿದ್ದ ಅವಳಿಗೆ ಸಣ್ಣಗೆ ಸಿಟ್ಟು ಬಂತು. ಆಮೇಲೆ ತನ್ನಷ್ಟಕ್ಕೆ ತಾನೇ ನಕ್ಕಳು. ಇಪ್ಪತ್ತು ವರ್ಷದಿಂದ ಕಿವಿ ಪರೀಕ್ಷೆ ಮಾಡುವ ಕೆಲಸ. ಕರೆದರೆ ಕೇಳಿಸುವವರು ಇಲ್ಲಿಗೆ ಯಾಕೆ ಬರುತ್ತಾರೆ? ಹತ್ತಿರ ಹೋಗಿ ಭುಜ ಮುಟ್ಟಿದಳು.

ಅವನು ತಲೆಯೆತ್ತಿದ.

ಫೈಲಿನ ಮೇಲಿದ್ದದ್ದು ಬೀದಿಗೊಬ್ಬರಿಗೆ ಇರುವಂಥ ಹೆಸರು, ಹಾಗಾಗಿ ಅವಳಿಗೆ ಅನುಮಾನವೇ ಬಂದಿರಲಿಲ್ಲ. ಆದರೆ ಆ ಎಡಗಡೆಯ ಹುಬ್ಬು, ಏನೋ ತಮಾಷೆ ಹೇಳಲಿಕ್ಕೆ ಹೊರಟಂತೆ ಒಂದು ಕೂದಲೆಳೆಯಷ್ಟು ಮೇಲಕ್ಕೆ ಏರಿದ ಹುಬ್ಬು, ಅದು ಲೋಕದಲ್ಲಿ ಒಬ್ಬನಿಗೇ ಇದ್ದದ್ದು. ತಲೆ ಅರ್ಧ ಬೆಳ್ಳಗಾಗಿತ್ತು. ಹುಬ್ಬು ಮಾತ್ರ ಇಪ್ಪತ್ತೆರಡು ವರ್ಷದ ಹಿಂದೆ ಎಲ್ಲಿತ್ತೋ ಅಲ್ಲೇ ಇತ್ತು.

“ಒಳಗೆ ಬನ್ನಿ,” ಎಂದಳು. ಧ್ವನಿ ತನ್ನದೇ ಹೌದೋ ಅಲ್ಲವೋ ಎನಿಸಿತು.

“ಬಂದೆ ಡಾಕ್ಟ್ರೇ,” ಎಂದ ಅವನು. ಅಷ್ಟೇ. ಗುರುತು ಸಿಕ್ಕಿದ್ದರೆ ಅದನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದಂತಿತ್ತು.

ಪರೀಕ್ಷೆಯ ಕೋಣೆ ಇಬ್ಬರು ಕೈಚಾಚಿದರೆ ತುಂಬಿಹೋಗುವಷ್ಟು ಚಿಕ್ಕದು. ಅವನು ಗಾಜಿನ ಆಚೆ, ಅವಳು ಈಚೆ. ಅವನ ಕಿವಿಗೆ ಹೆಡ್‌ಫೋನ್, ಕೈಯಲ್ಲೊಂದು ಬಟನ್. ಸದ್ದು ಕೇಳಿಸಿದಾಗ ಒತ್ತಬೇಕು. ಅವಳು ದಪ್ಪ ಸದ್ದುಗಳನ್ನು ಕೊಟ್ಟಳು, ಒತ್ತಿದ. ತೆಳ್ಳಗಿನ ಸದ್ದುಗಳನ್ನು ಕೊಟ್ಟಳು. ಬಲಗಿವಿಗೆ ಕೊಟ್ಟಾಗ ಒತ್ತಲೇ ಇಲ್ಲ. ಕಣ್ಣು ಮುಚ್ಚಿ, ಎಲ್ಲೋ ದೂರದಿಂದ ಬರಬೇಕಾದವರಿಗೆ ಕಾಯುವವನಂತೆ ಕೂತಿದ್ದ. ಯಾರದೋ ಮುಖವನ್ನು ಇಷ್ಟು ಹೊತ್ತು ಧೈರ್ಯವಾಗಿ ನೋಡುವ ಅವಕಾಶ ಅವಳಿಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

“ಈಗ ನಾನು ಒಂದೊಂದೇ ಪದ ಹೇಳ್ತೀನಿ. ಕೇಳಿಸಿದ ಹಾಗೇ ತಿರುಗಿ ಹೇಳ್ಬೇಕು,” ಎಂದು ತುಟಿಗೆ ಒಂದು ರಟ್ಟು ಅಡ್ಡ ಹಿಡಿದಳು. “ತುಟಿ ನೋಡಿ ಹೇಳೋ ಹಾಗಿಲ್ಲ.”

“ಮರ.”

“ಮರ.”

“ಬಾಗಿಲು.”

“ಬಾಗಿಲು.”

“ಸೂಜಿ.”

“...ಊಜಿ?”

ಹೀಗೆ ಹನ್ನೆರಡು ಪದ. ಹದಿಮೂರನೆಯದನ್ನು ಹೇಳುವಾಗ ಅವಳ ಕಣ್ಣು ಪಟ್ಟಿಯ ಮೇಲಿರಲಿಲ್ಲ.

“ದ್ವೀಪ.”

“ದೀಪ,” ಎಂದ.

ಅವಳು ಬರೆಯಲಿಕ್ಕೆ ಪೆನ್ ಎತ್ತಿದಳು. ತಪ್ಪೆಂದು ಬರೆಯಬೇಕೋ ಸರಿಯೆಂದು ಬರೆಯಬೇಕೋ ತಿಳಿಯಲಿಲ್ಲ. ತಲೆಯೆತ್ತಿದರೆ ಗಾಜಿನ ಆಚೆ ಹುಬ್ಬು ಮೇಲೇರಿತ್ತು.

“ಆ ಪದ ನಿಜವಾಗ್ಲೂ ಪಟ್ಟೀಲಿತ್ತಾ, ತಪ್ಪಮ್ಮ?”

*

ತಪ್ಪಮ್ಮ ಎಂಬ ಹೆಸರು ಇಟ್ಟವನು ಅವನೇ. ಅವಳಿಗಾಗ ಇಪ್ಪತ್ತಮೂರು. ಮುಂದಿನ ಓದಿಗೆ ಸೀಟು ಸಿಗುವವರೆಗೆ ಖರ್ಚಿಗಾಗಲಿ ಎಂದು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದಳು. ಕೆಳಗೆ ಮೆಷಿನ್‌ಗಳು, ಮರದ ಮೆಟ್ಟಿಲು ಹತ್ತಿದರೆ ಮೇಲೆ ಪ್ರೂಫ್ ಕೋಣೆ. ಅವನು ದೊಡ್ಡ ಮೆಷಿನ್ ನಡೆಸುವವನು. ಬೆರಳಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಕಪ್ಪು. ಅವಳು ಅವನನ್ನು ಮಸಿ ಎಂದು ಕರೆದಳು. ತಪ್ಪು ಹುಡುಕಿ ಕೆಂಪು ಗೀರು ಎಳೆಯುವವಳು ತಪ್ಪಮ್ಮನಾದಳು.

ಒಂದು ಸಲ ಕ್ಯಾಲೆಂಡರಿನ ಕೆಲಸ ಬಂತು. ಅವನು ಮೊದಲ ಹಾಳೆಯನ್ನು ಹಸಿಹಸಿಯಾಗಿ ಎರಡು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದ. ನೀಲಿ ನೀರು, ಬುಟ್ಟಿಯಂತೆ ದುಂಡಗಿನ ದೋಣಿಗಳು, ದಡದಲ್ಲಿ ಯಾರೂ ಇಲ್ಲ. ಕೆಳಗೆ ಅಚ್ಚಾಗಿತ್ತು: ‘ವಿಯೆಟ್ನಾಂನ ಒಂದು ಪ್ರಶಾಂತ ದೀಪ.’

“ಒತ್ತಕ್ಷರ ಎಲ್ಲಿ ಹೋಯ್ತು?” ಎಂದು ಕೇಳಿದಳು.

“ಸಮುದ್ರಕ್ಕೆ ಬಿದ್ದಿರ್ಬೇಕು. ಹೋಗಿ ಹುಡುಕ್ಕೊಂಡು ಬರೋಣ್ವಾ?”

ಅವನು ಹೇಳಿದ್ದು ತಮಾಷೆಗೆ. ಆದರೆ ಮರುದಿನ ಕೆಟ್ಟ ಹಾಳೆಗಳನ್ನು ಸರಿಯಾಗಿ ಕತ್ತರಿಸಿ, ಖಾಲಿ ಬೆನ್ನು ಮೇಲಾಗುವಂತೆ ಹೊಲಿದು, ಒಂದು ನೋಟ್‌ಬುಕ್ ತಂದುಕೊಟ್ಟ. ಮೊದಲ ಪುಟದಲ್ಲಿ ಅವಳು ಬರೆದಳು: ‘ದೀಪಕ್ಕೆ ಹೋಗುವ ದಾರಿ.’

ಒಂದೂವರೆ ವರ್ಷ ಮಧ್ಯಾಹ್ನದ ಟೀ ಆ ನೋಟ್‌ಬುಕ್ಕಿನ ಮೇಲೇ ಆಯಿತು. ಲೈಬ್ರರಿಯ ಹಳೆಯ ಪ್ರವಾಸದ ಪುಸ್ತಕದಿಂದ ನಕ್ಷೆ ನಕಲು ಮಾಡಿಕೊಂಡರು. ದೊಡ್ಡ ಊರಿನವರೆಗೆ ಮಾತ್ರ ವಿಮಾನ, ಅಲ್ಲಿಂದ ಬಸ್ಸು, ಬಂದರಿನಿಂದ ಸಾಮಾನು ಸಾಗಿಸುವ ಹಡಗು. ಸೀಟು ಬೇಡ, ಡೆಕ್ ಮೇಲೆ ಕೂತರೆ ಅರ್ಧ ದುಡ್ಡು. ಮೀನುಗಾರರ ಮನೆಯಲ್ಲಿ ಬಾಡಿಗೆ ಕೋಣೆ, ಫ್ಯಾನ್ ಸಾಕು. ಗಾಳಿ ಬಿರುಸಾಗುವ ತಿಂಗಳಲ್ಲಿ ಹಡಗು ನಿಲ್ಲುತ್ತದೆ, ಆ ತಿಂಗಳುಗಳಿಗೆ ಕೆಂಪು ಗೀರು.

“ಸೈಕಲ್ ಬಾಡಿಗೆಗೆ ಸಿಗುತ್ತಂತೆ. ಒಂದೇ ಸಾಕು,” ಎಂದಿದ್ದ ಒಂದು ದಿನ.

“ಉಳಿತಾಯಕ್ಕಾ?”

“ಮತ್ತೆ? ಉಳಿತಾಯಕ್ಕೇ.” ಹಾಗೆನ್ನುವಾಗ ಗೋಡೆ ನೋಡುತ್ತಿದ್ದ. ಅವನ ಕಿವಿಯ ತುದಿ ಕೆಂಪಾಗಿದ್ದನ್ನು ಅವಳು ನೋಡಿದಳು, ನೋಡಿಲ್ಲವೆಂಬಂತೆ ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಮುರಿದುಕೊಂಡಳು.

ಮೆಷಿನ್ ಓಡುವಾಗ ಕೆಳಗೆ ಕೂಗಿದರೂ ಕೇಳಿಸುತ್ತಿರಲಿಲ್ಲ. ಅವಳು ಮೇಲಿನ ಕಿಟಕಿಯಿಂದ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದಳು. ಟೀ? ಊಟ ಆಯ್ತಾ? ಯಾವಾಗ ಹೋಗೋಣ? ಅವನು ಎಲ್ಲವನ್ನೂ ತುಟಿ ನೋಡಿಯೇ ಓದುತ್ತಿದ್ದ. ಕೊನೆಯದಕ್ಕೆ ಮಾತ್ರ ಬೆರಳೆತ್ತಿ ತೋರಿಸುತ್ತಿದ್ದ, ಇನ್ನೊಂದು ತಿಂಗಳು.

ಆ ಇನ್ನೊಂದು ತಿಂಗಳು ಮುಗಿಯಲೇ ಇಲ್ಲ. ಪಾಸ್‌ಪೋರ್ಟ್ ಬಂತು, ದುಡ್ಡು ಕೂಡಿತು, ಗಾಳಿಯ ಬಿರುಸು ಇಳಿಯಿತು. ಅವನು ಪ್ರತಿ ಸಲ ಏನಾದರೂ ಒಂದು ಕಾರಣ ತೆಗೆಯುತ್ತಿದ್ದ. ಟಿಕೆಟ್ ಇನ್ನೂ ಇಳಿಯುತ್ತೆ. ಇದಕ್ಕಿಂತ ಕಮ್ಮಿಯ ಕೋಣೆ ಇರಬಹುದು. ಮೂರನೆಯ ಸಲ ಅವನು ಹಾಗೆಂದ ದಿನ ಅವಳು ನೋಟ್‌ಬುಕ್ ಮುಚ್ಚಿದಳು.

“ನಿಂಗೆ ಹೋಗೋದು ಬೇಕಾಗಿಲ್ಲ ಮಸಿ. ನಿಂಗೆ ಇದರಲ್ಲಿ ಬರೀತಾ ಕೂತ್ಕೊಳ್ಳೋದೇ ಸಾಕು. ನನ್ನ ಜೊತೆ ಬರೋಕೆ ಮನಸ್ಸಿಲ್ಲ ಅಂದ್ರೆ ಬಾಯ್ಬಿಟ್ಟು ಹೇಳು.”

ಅವನು ಬಟ್ಟೆಯ ಚೂರಿನಿಂದ ಕೈ ಒರೆಸಿಕೊಂಡ, ಒರೆಸಿದ್ದನ್ನೇ ಒರೆಸಿಕೊಂಡ. ಹತ್ತು ದಿನಕ್ಕೆ ಅವಳಿಗೆ ಬೇರೆ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಬಸ್ಸು ಹೊರಡುವ ತನಕ ಕಿಟಕಿಯಾಚೆ ನೋಡುತ್ತಲೇ ಇದ್ದಳು. ಅವನು ಬರಲಿಲ್ಲ. ಕಾಗದ ಅವನೂ ಬರೆಯಲಿಲ್ಲ, ಅವಳೂ ಬರೆಯಲಿಲ್ಲ. ಹಟದಲ್ಲಿ ಇಬ್ಬರೂ ಕಮ್ಮಿಯಿರಲಿಲ್ಲ.

*

“ಬಲಗಿವಿ ಹೆಚ್ಚುಕಮ್ಮಿ ಹೋಗಿದೆ. ಎಡಗಿವಿಗೆ ಮೆಷಿನ್ ಹಾಕಿದ್ರೆ ಚೆನ್ನಾಗೇ ಕೇಳಿಸುತ್ತೆ,” ಎಂದು ವಿವರಿಸಿದಳು. ಅವನು ಹೆಡ್‌ಫೋನ್ ತೆಗೆದು ಅವಳ ಎದುರಿನ ಕುರ್ಚಿಗೆ ಬಂದಿದ್ದ. “ಅಷ್ಟು ವರ್ಷ ಆ ಸದ್ದಲ್ಲಿ ನಿಂತ್ಕೊಂಡಿದ್ರೆ ಇನ್ನೇನಾಗುತ್ತೆ? ಕಿವಿಗೆ ಹತ್ತಿ ಆದ್ರೂ ಇಟ್ಕೊಳ್ಬಾರದಿತ್ತಾ?”

“ಪರೀಕ್ಷೆ ಫೀಸಲ್ಲಿ ಬೈಗುಳಾನೂ ಸೇರಿದ್ಯಾ?”

“ಅದು ಪುಕ್ಕಟೆ.”

ಅವನು ನಕ್ಕ. ಆಮೇಲೆ ಅವಳ ಮೇಜಿನ ಅಂಚನ್ನು ಬೆರಳಲ್ಲಿ ಸವರುತ್ತಾ ಕೇಳಿದ: “ಸಮುದ್ರ ಕೇಳಿಸುತ್ತಾ?”

ಅವಳು ಅವನ ಗ್ರಾಫನ್ನು ಎಳೆದುಕೊಂಡು ನೋಡಿದಳು. “ಮೊದಲು ಹೋಗೋದು ಹಕ್ಕಿ, ಗಡಿಯಾರ, ಪಿಸುಮಾತು. ಅಲೆ ದಪ್ಪ ಸದ್ದು. ಅದು ಬಹಳ ವರ್ಷ ಉಳಿಯುತ್ತೆ.”

“ಹಾಗಿದ್ರೆ ಸರಿ. ಪಿಸುಮಾತು ಆಡೋರು ಹೇಗೂ ಯಾರೂ ಇಲ್ಲ.”

ಅವ್ವನನ್ನು ನೋಡಿಕೊಳ್ಳುತ್ತಾ ವರ್ಷಗಳು ಹೋದವಂತೆ, ಹೋದ ವರ್ಷ ಅವ್ವನೂ ಹೋದಳಂತೆ. ಮದುವೆಯ ಮಾತನ್ನು ಅವನು ಎತ್ತಲಿಲ್ಲ, ಉಂಗುರವಿಲ್ಲದ ಬೆರಳು ನೋಡಿ ಅವಳೂ ಕೇಳಲಿಲ್ಲ. ತನ್ನದನ್ನು ಎರಡು ಮಾತಿನಲ್ಲಿ ಹೇಳಿದಳು: ಗಂಡನಿಂದ ಬೇರೆಯಾಗಿ ಒಂಬತ್ತು ವರ್ಷ, ಜಗಳವಿಲ್ಲ, ಒಬ್ಬಳು ಮಗಳು, ಹಾಸ್ಟೆಲಿನಲ್ಲಿ ಓದುತ್ತಿದ್ದಾಳೆ.

ಕಿವಿಯ ಮೆಷಿನ್ ಹೊಂದಿಸಲು ವಾರಕ್ಕೊಮ್ಮೆ ಬರಬೇಕಿತ್ತು. ಎರಡನೆಯ ವಾರ ಕ್ಲಿನಿಕ್ಕಿನ ಎದುರಿನ ಟೀ ಅಂಗಡಿಗೆ ಹೋದರು. ಮೂರನೆಯ ವಾರ ಅವನು ಫೋನ್ ತೆಗೆದು ಅವಳ ಮುಂದೆ ಜರುಗಿಸಿದ. ಅದರಲ್ಲಿ ಅದೇ ದ್ವೀಪ.

“ಈಗ ವೇಗದ ದೋಣಿ ಬಿಟ್ಟಿದ್ದಾರೆ. ಮೂರು ಗಂಟೆ ಸಾಕಂತೆ,” ಎಂದ.

“ಡೆಕ್ ಮೇಲೆ ಕೂರೋದು?”

“ಹಳೇ ಹಡಗು ಇನ್ನೂ ಇದೆ. ಅರ್ಧ ದುಡ್ಡು.”

“ನನ್ನ ಮಂಡಿಗೆ ಈಗ ಡೆಕ್ ಆಗಲ್ಲಪ್ಪ. ನಿನ್ನ ಉಳಿತಾಯ ನೀನೇ ಇಟ್ಕೋ.”

‘ನೀವು’ ಯಾವಾಗ ‘ನೀನು’ ಆಯಿತೆಂದು ಇಬ್ಬರೂ ಗಮನಿಸಲಿಲ್ಲ. ಅವಳು ಕನ್ನಡಕ ಹಾಕಿಕೊಂಡು ಫೋನಿನ ಮೇಲೆ ಬಾಗಿದಳು, ಅವನೂ ಬಾಗಿದ. ಸೋಪಿನ ವಾಸನೆಯ ಅಡಿಯಲ್ಲಿ, ಇಷ್ಟು ವರ್ಷದ ಮೇಲೂ, ಸಣ್ಣಗೆ ಅಚ್ಚಿನ ಮಸಿಯ ವಾಸನೆ ಬಂದಂತಾಯಿತು. ಬಂದಿತ್ತೋ, ಅವಳೇ ನೆನೆಸಿಕೊಂಡಳೋ.

ದೋಣಿ, ಕೋಣೆ, ಬಸ್ಸು ಎಲ್ಲ ತೀರ್ಮಾನವಾಯಿತು. ಅವಳ ಬೆರಳು ಫೋನಿನ ಕ್ಯಾಲೆಂಡರಿನಲ್ಲಿ ಒಂದು ತಿಂಗಳ ಮೇಲೆ ನಿಂತಾಗ ಅವನೆಂದ: “ಆ ತಿಂಗಳು ಬೇಡ. ಅದರ ಮುಂದಿನದಕ್ಕೆ ಟಿಕೆಟ್ ಇನ್ನೂ ಇಳಿಯುತ್ತೆ.”

ಅವಳು ನಿಧಾನಕ್ಕೆ ಕನ್ನಡಕ ತೆಗೆದು ಡಬ್ಬಿಗೆ ಹಾಕಿದಳು. ಬ್ಯಾಗ್ ಹೆಗಲಿಗೇರಿಸಿದಳು. “ಮತ್ತೆ ಶುರುವಾಯ್ತಲ್ಲ. ನಾನೇ ದಡ್ಡಿ.”

“ಕೂತ್ಕೋ.”

“ಮೂರು ಗಂಟೆಗೆ ಪೇಷೆಂಟ್ ಇದ್ದಾರೆ.”

“ತಪ್ಪಮ್ಮ, ಕೂತ್ಕೋ. ಆವತ್ತು ನೀನು ಬಾಯ್ಬಿಟ್ಟು ಹೇಳು ಅಂದೆ. ಈಗ ಹೇಳ್ತೀನಿ.”

ಅವಳು ಕೂರಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಳು.

“ನಿಂಗೆ ಸೀಟು ಸಿಗುತ್ತೆ ಅಂತ ನಂಗೆ ಮೊದಲಿಂದ್ಲೂ ಗೊತ್ತಿತ್ತು. ನೀನೇ ಹೇಳ್ತಿದ್ದೆ, ದ್ವೀಪ ನೋಡ್ಕೊಂಡು ಬಂದು ಓದೋಕೆ ಹೋಗ್ತೀನಿ ಅಂತ. ಹೋಗಿ ಬಂದ್ಬಿಟ್ರೆ ಆಮೇಲೆ ನೀನು ಇರ್ತಿರ್ಲಿಲ್ಲ. ಹೋಗೋ ತನಕ ಮಾತ್ರ ದಿನಾ ಮಧ್ಯಾಹ್ನ ಮೆಟ್ಟಿಲು ಹತ್ತೋಕೆ ನಂಗೊಂದು ನೆಪ ಇತ್ತು.” ಅವನು ಕಪ್ಪಿನ ಹಿಡಿಯನ್ನು ತಿರುಗಿಸುತ್ತಿದ್ದ. “ನೀನು ಡಾಕ್ಟ್ರಾಗೋಳು. ನಾನು ಮೆಷಿನ್ ಮುಂದೆ ನಿಲ್ಲೋನು. ಇರು ಅಂತ ಹೇಳೋಕೆ ನಾನ್ಯಾರು? ಅದಕ್ಕೆ ಟಿಕೆಟ್ ಇಳಿಯುತ್ತೆ ಅಂತಿದ್ದೆ. ಬಸ್‌ಸ್ಟ್ಯಾಂಡಿಗೆ ಬಂದಿದ್ದೆ. ಪೇಪರ್ ಅಂಗಡಿ ಹಿಂದೆ ನಿಂತಿದ್ದೆ. ಎದುರಿಗೆ ಬಂದ್ರೆ ಅತ್ತುಬಿಡ್ತೀನಿ ಅಂತ ಹೆದರಿಕೆ.”

ಬೀದಿಯಲ್ಲಿ ಒಂದು ಬಸ್ಸು ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೆ ಅವಳು ಅದು ಹೋದ ದಾರಿಯನ್ನೇ ನೋಡಿದಳು. ಇಪ್ಪತ್ತೆರಡು ವರ್ಷ ‘ಅವನಿಗೆ ನಾನು ಬೇಕಿರಲಿಲ್ಲ’ ಎಂಬುದನ್ನು ಮಡಚಿ ಮಡಚಿ ಇಟ್ಟುಕೊಂಡಿದ್ದಳು. ಅದರ ಮಡಿಕೆಗಳಿಗೆ ಹೊಂದಿಕೊಂಡೇ ಮದುವೆಯಾಗಿದ್ದಳು, ಬಾಳಿದ್ದಳು. ಈಗ ಯಾರೋ ಅದನ್ನು ಬಿಡಿಸಿ, ಒಳಗೆ ಬರೆದದ್ದೇ ಬೇರೆ ಎಂದು ತೋರಿಸಿದಂತಾಯಿತು.

“ಎಂಥಾ ಪೆದ್ದ ನೀನು,” ಎಂದಳು. ಅಂಗೈಯಿಂದ ಕಣ್ಣೊರೆಸಿಕೊಂಡಳು. “ಇರು ಅಂದಿದ್ರೂ ನಾನು ಹೋಗ್ತಿದ್ದೆ. ಓದು ಬಿಡ್ತಿರ್ಲಿಲ್ಲ. ಆದ್ರೆ ವಾಪಸ್ ಬರ್ತಿದ್ದೆ ಕಣೋ.”

“ಅದು ನಂಗೆ ಹೊಳೀಲೇ ಇಲ್ಲ.”

“ಹಾಗಾದ್ರೆ ಈಗ ಮುಂದಿನ ತಿಂಗಳು ಯಾಕೆ?”

ಅವನು ತಲೆ ಕೆರೆದುಕೊಂಡ. “ಈಗಿಂದು ನಿಜವಾಗ್ಲೂ ಟಿಕೆಟ್ ರೇಟು.”

ಅವಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು. ಕುರ್ಚಿ ಎಳೆದು ಕೂತಳು. “ಹೆಚ್ಚಾದದ್ದು ನಾನು ಕೊಡ್ತೀನಿ. ನಾನು ತೋರಿಸಿದ ತಿಂಗಳದ್ದೇ ಒತ್ತು.”

“ಇದು ರದ್ದು ಮಾಡಿದ್ರೆ ದುಡ್ಡು ವಾಪಸ್ ಬರದ ಟಿಕೆಟ್ಟು. ನೋಡ್ಕೋ.”

“ಅದೇ ಬೇಕು. ನಿನ್ನಂಥೋನಿಗೆ ಅದೇ ಸರಿ.”

ಅವನು ಒತ್ತಿದ. ಮೂರು ಗಂಟೆಯ ಪೇಷೆಂಟ್ ಅಂದು ಹತ್ತು ನಿಮಿಷ ಕಾಯಬೇಕಾಯಿತು.

ಮಗಳಿಗೆ ಫೋನ್ ಮಾಡಿ ವಿಷಯ ಹೇಳಿದಳು. “ಅಮ್ಮಾ, ಯಾರ ಜೊತೆ?”

“ಹಳೇ ಸ್ನೇಹಿತ.”

“ಎಷ್ಟು ಹಳೇ?”

“ನಿನಗಿಂತ ಹಳೇ.”

“ಹಾಗಿದ್ರೆ ಹೋಗು. ಆದ್ರೆ ಆ ಬೂದು ಸ್ವೆಟರ್ ಮಾತ್ರ ತಗೊಂಡು ಹೋಗ್ಬೇಡ.”

*

ದ್ವೀಪ ಅವರು ಬರೆದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಒಂದೇ ದೊಡ್ಡ ರಸ್ತೆ, ಬಂದರಿನ ಹತ್ತಿರ ಬಲೆ ಹೆಣೆಯುವ ಹೆಂಗಸರು, ಮಧ್ಯಾಹ್ನವಾದರೆ ಅಂಗಡಿಗಳಿಗೂ ನಿದ್ದೆ. ಮನೆಯೊಡತಿ ಅಜ್ಜಿಗೆ ಇವರ ಭಾಷೆ ಬಾರದು, ಇವರಿಗೆ ಅವಳದು ಬಾರದು. ಎರಡು ಕೋಣೆ ಎಂದು ಎರಡು ಬೆರಳು ತೋರಿಸಿದರೆ ಅಜ್ಜಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಒಂದು ಬೆರಳು ಎತ್ತಿ ನಕ್ಕಳು. ಅವನ ಕಿವಿಯ ತುದಿ ಕೆಂಪಾಯಿತು. ಅವಳು ಪಟ್ಟುಬಿಡದೆ ಎರಡೇ ತೆಗೆದುಕೊಂಡಳು. ನಾಲ್ಕನೆಯ ದಿನ ಅಜ್ಜಿಗೆ ಒಂದು ಬೀಗದ ಕೈ ವಾಪಸ್ ಕೊಟ್ಟಳು.

ಹೊರಡುವ ಹಿಂದಿನ ದಿನ, ಬೆಳಗಿನ ಬಿಸಿಲು ಇನ್ನೂ ಎಳೆಯದಾಗಿರುವಾಗ, ಇಬ್ಬರೂ ಮರಳಿನ ಮೇಲೆ ಕೂತಿದ್ದರು. ಅವನು ಬಹಳ ಹೊತ್ತಿನಿಂದ ಅಂಗೈಯ ಮರಳನ್ನು ಒರೆಸಿದ್ದನ್ನೇ ಒರೆಸುತ್ತಿದ್ದ. ಅವಳಿಗೆ ಆ ಒರೆಸುವಿಕೆಯ ಪರಿಚಯವಿತ್ತು.

“ಏನು?” ಎಂದಳು.

“ನಾಳೆ ವಾಪಸ್.”

“ಹೂಂ.”

“ವಾಪಸ್ ಹೋದ್ಮೇಲೆ ಏನು?”

ಅವಳು ಕಾಲಿನ ಮರಳು ಕೊಡವಿಕೊಂಡಳು. “ಮಂಗಳವಾರ ಹನ್ನೊಂದು ಗಂಟೆಗೆ ನಿನ್ನ ಮೆಷಿನ್ ಸರಿ ಮಾಡ್ಬೇಕು. ಸಂಜೆ ಮನೆಗೆ ಊಟಕ್ಕೆ ಬಾ, ಮಗಳು ಬಂದಿರ್ತಾಳೆ. ಬುಧವಾರಾನೂ ಬಾ. ಗುರುವಾರ ನನಗೆ ಕೆಲಸ ಜಾಸ್ತಿ, ಅವತ್ತು ಅಡುಗೆ ನೀನು ಮಾಡು. ಆಮೇಲೆ ದಿನಾ ಬರೋದು ಹೋಗೋದು ಬಸ್ ಚಾರ್ಜ್ ದಂಡ. ಇದ್ದುಬಿಡು.”

ಅವನು ಕಿವಿಯ ಮೇಲೆ ಕೈಯಿಟ್ಟು ಅವಳ ಕಡೆ ಬಾಗಿದ. “ಕೊನೇದು ಕೇಳಿಸ್ಲಿಲ್ಲ.”

“ಕೇಳಿಸಿದೆ ನಿಂಗೆ.”

“ಕೇಳಿಸ್ತು. ಆದ್ರೂ ಇನ್ನೊಂದ್ಸಲ ಹೇಳು.”

ಅವಳು ಇನ್ನೊಂದು ಸಲ ಹೇಳಿದಳು.