ಬರ್ದಿಸ್ಸೋನೆ ಮನೆಯ ಮೂರು ಪೀಪಾಯಿಗಳು

ಏಪ್ರಿಲ್ 15, ಸೋಮವಾರ, ಬೆಳಿಗ್ಗೆ 8.10. ಇನ್ಸ್‌ಪೆಕ್ಟರ್ ಒರೆಸ್ತೆ ಗಿಬೌದೊ ಕಾಫಿಗೆ ಬಾಯಿ ಇಡುವ ಮೊದಲೇ ಸೆಕೊಂದೊ ಬರ್ದಿಸ್ಸೋನೆ ಠಾಣೆಗೆ ನುಗ್ಗಿದ. ಹಿಂದೆ ಹೆಂಡತಿ, ಇಬ್ಬರು ಭಾವಮೈದುನರು. ನಾಲ್ವರೂ ಒಟ್ಟಿಗೇ ಶುರು ಹಚ್ಚಿಕೊಂಡರು.

ಕೊನೆಗೆ ತಿಳಿದದ್ದು ಇಷ್ಟು. ಭಾನುವಾರ ಮೊಮ್ಮಗಳ ಜ್ಞಾನಸ್ನಾನದ ಊಟಕ್ಕೆ ಮನೆಮಂದಿಯೆಲ್ಲ ಹೋಗಿದ್ದಾಗ, ಹನ್ನೊಂದರಿಂದ ಐದರೊಳಗೆ, ನೆಲಮಾಳಿಗೆಯ ಮೂರು ದೊಡ್ಡ ಪೀಪಾಯಿಗಳ ವೈನನ್ನು ಯಾರೋ ಚರಂಡಿಗೆ ಹರಿಸಿದ್ದರು. ಅದು ಈ ವಾರ ಸೀಸೆಗೆ ಇಳಿಯಬೇಕಿದ್ದ ವೈನು. ಮಾಡಿದವನು ಪಕ್ಕದ ತೋಟದ ಅರ್ನೆಯೋದೊನೇ ಎಂದು ಸೆಕೊಂದೊ ಆಣೆಯಿಟ್ಟ. ಅಜ್ಜಂದಿರ ಕಾಲದ ಒಂದು ಆಕ್ರೋಟು ಮರದ ಜಗಳ. ಅದರ ಅರ್ಜಿಗಳನ್ನೇ ಗಿಬೌದೊ ಹನ್ನೊಂದು ವರ್ಷದಿಂದ ಓದುತ್ತಿದ್ದ. ಹಲ್ಲು ಕಚ್ಚಿಕೊಂಡು ಎಫ್‌ಐಆರ್ ಬರೆದ.

9.30ಕ್ಕೆ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಬೀಗದ ಕೈ ಎರಡೇ: ಒಂದು ಸೆಕೊಂದೊನ ಬಳಿ, ಇನ್ನೊಂದು ಅವನ ಅಕ್ಕ ದೆಲ್ಫಿನಾ ಬಳಿ. ಅರವತ್ತೇಳರ ಆಕೆ ಮದುವೆಯಾಗಿರಲಿಲ್ಲ, ಅಪ್ಪನ ಕಾಲದಿಂದ ವೈನು ತಯಾರಿಯೂ ಸೇರಿ ನೆಲಮಾಳಿಗೆಯ ಕೆಲಸವೆಲ್ಲ ಅವಳದೇ. ಮನೆಯವರೆಲ್ಲ ಪೊಲೀಸರ ಬೆನ್ನ ಹಿಂದೆಯೇ ನಿಂತು ಸಲಹೆ ಕೊಡುತ್ತಿದ್ದರೆ, ಅವಳೊಬ್ಬಳು ಸುಮ್ಮನೆ ಹೇಝಲ್‌ನಟ್ ಕೇಕು ತಂದಿಟ್ಟು ಹೋದಳು. ಕಾನ್‌ಸ್ಟೇಬಲ್ ಪೀರಾಸ್ ಎರಡು ತುಂಡು ತಿಂದ. ಗಿಬೌದೊ ಅವನನ್ನು ಗುರಾಯಿಸಿದ.

ಪೀಪಾಯಿಗಳ ನಲ್ಲಿಗಳು ಮುಚ್ಚಿದ್ದವು, ಬಿರಡೆಗಳು ಬಿಗಿಯಾಗಿದ್ದವು. ಪೀರಾಸ್ ಏಣಿ ಹತ್ತಿ ಒಂದು ಬಿರಡೆ ಕಿತ್ತವನು ಕೆಮ್ಮುತ್ತಾ ಕೆಳಗಿಳಿದ. ಒಳಗೆ ಗಂಧಕದ ಹೊಗೆ. ಮೂರರಲ್ಲೂ ಅದೇ. ನಾನಂತೂ ಹಚ್ಚಿಲ್ಲ ಎಂದ ಸೆಕೊಂದೊ.

ಪಕ್ಕದ ತೋಟಕ್ಕೆ ಹೋಗಿ ನೋಡಿದರೆ, ಅರ್ನೆಯೋದೊನ ಕಾಲಿಗೆ ಮೂರು ವಾರದ ಹಿಂದಿನ ಗರಿಗಳ ಭಾನುವಾರದಿಂದ ಪ್ಲಾಸ್ಟರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಂತಾಯಿತಲ್ಲ ಎಂದು ಗಿಬೌದೊ ತನಗೆ ತಾನೇ ಬೈದುಕೊಂಡ. ಆದರೂ ಗಂಧಕದ ವಿಷಯ ಕೇಳಿದ. ಮುದುಕ ನಕ್ಕುಬಿಟ್ಟ.

"ಖಾಲಿ ಪೀಪಾಯಿ ತೊಳೆದು ಒಳಗೆ ಗಂಧಕ ಹಚ್ಚಿ ಹೊಗೆ ಹಾಕದಿದ್ರೆ ಮರ ಹುಳಿ ಹಿಡಿಯುತ್ತೆ, ಸಾಹೇಬ್ರೆ. ನಾನಾಗಿದ್ರೆ ಹುಳಿ ಹಿಡೀಲಿ ಅಂತಾನೇ ಬಿಟ್ಟುಬರ್ತಿದ್ದೆ. ವೈನ್ ಚೆಲ್ಲಿ ಪೀಪಾಯಿ ಜೋಪಾನ ಮಾಡೋ ಶತ್ರು ಎಲ್ಲಾದ್ರೂ ಇದಾನಾ?"

ಜ್ಞಾನಸ್ನಾನದ ಊಟದಲ್ಲಿದ್ದ ಮೂವತ್ತೊಂದು ಜನರನ್ನು ವಿಚಾರಿಸಬೇಕಾಯಿತು. ಮೂವತ್ತು ಜನ ಮೊದಲು ಊಟದ ರುಚಿಯ ಬಗ್ಗೆಯೇ ಹೇಳಿಕೆ ಕೊಟ್ಟರು. ಗಿಬೌದೊನ ತಲೆ ಚಿಟ್ಟು ಹಿಡಿಯಿತು. ಮಗುವಿನ ತಾಯಿ ಮಾತ್ರ, ದೆಲ್ಫಿನಾ ಅತ್ತೆ ಮಂಡಿನೋವೆಂದು ಹನ್ನೆರಡೂವರೆಗೇ ಎದ್ದುಹೋದರು ಎಂದಳು.

ಸಂಜೆ 4.40. ದೆಲ್ಫಿನಾ ಅಡುಗೆಮನೆಯಲ್ಲಿ ಕೂತಿದ್ದಳು, ಸೆಕೊಂದೊ ಬಾಗಿಲಲ್ಲಿ.

"ಮಂಡಿನೋವಿನಲ್ಲಿ ಏಣಿ ಹತ್ತಿದಿರಾ?" ಎಂದು ಗಿಬೌದೊ ಕೇಳಿದ.

"ಮೂರು ಸಲ."

"ಗಂಧಕ ಯಾಕೆ ಹಚ್ಚಿದ್ರಿ?"

"ಮುತ್ತಜ್ಜನ ಪೀಪಾಯಿಗಳು. ಅವೇನು ತಪ್ಪು ಮಾಡಿದ್ವು?"

ತಪ್ಪು ಮಾಡಿದ್ದು ಯಾರೆಂದು ಅವಳೇ ಹೇಳಿದಳು. ಹೋದ ಗುರುವಾರ ಅವಳು ಕಣ್ಣಿನ ಡಾಕ್ಟರ ಬಳಿ ಹೋಗಿದ್ದಾಗ, ತಮ್ಮ ದಕ್ಷಿಣದ ಕಡೆಯಿಂದ ಅಗ್ಗದ ಕಪ್ಪನೆಯ ವೈನು ತರಿಸಿ ಮೂರಕ್ಕೂ ಬೆರೆಸಿದ್ದ. ಶನಿವಾರ ಒಂದು ಗುಟುಕಿಗೇ ಅವಳಿಗೆ ಗೊತ್ತಾಯಿತು. ಸೀಸೆಗೆ ತುಂಬಬೇಡ ಎಂದು ಕೈಮುಗಿದಳು. ಲೇಬಲ್ ಮೇಲಿರೋದು ಅಪ್ಪನ ಹೆಸರು, ನಿಂದಲ್ಲ, ನಿನಗ್ಯಾಕೆ ಎಂದನಂತೆ ಅವನು.

"ಅಪ್ಪನ ಹೆಸರು ಅಂತಲೇ ಚೆಲ್ಲಿದೆ," ಎಂದಳು ದೆಲ್ಫಿನಾ.

ಗಿಬೌದೊ ಬಾಗಿಲ ಕಡೆ ತಿರುಗಿದ. ಸೆಕೊಂದೊನ ಮುಖ ಸಪ್ಪಗಾಗಿತ್ತು. ಇದು ನಮ್ಮ ಮನೆ ಮಾತು ಸಾಹೇಬ್ರೆ, ದೂರು ವಾಪಸ್ ತಗೋತೀನಿ ಎಂದು ತೊದಲಿದ.

"ಬೆಳಿಗ್ಗೆ ಕಾಫಿ ಕುಡಿಯೋಕೆ ಬಿಟ್ಟಿದ್ರೆ ಆಗ ಕೇಳ್ತಿದ್ದೆ," ಎಂದ ಗಿಬೌದೊ. "ಈಗ ಕೇಸು ಒಂದಲ್ಲ, ಎರಡು: ಚೆಲ್ಲಿದ್ದೊಂದು, ಬೆರಕೆ ಮಾಡಿದ್ದೊಂದು. ನೀನೂ ಕೋಟು ಹಾಕ್ಕೋ."

5.15ಕ್ಕೆ ದೆಲ್ಫಿನಾಳ ದಸ್ತಗಿರಿ. ಠಾಣೆಯಲ್ಲಿ ಪೀರಾಸ್ ಹೇಳಿಕೆ ಬರೆದು ಓದಿ ಹೇಳಿದ: ನಷ್ಟವಾದ ಮಾಲು, ಮೂರು ಪೀಪಾಯಿ ಕೆಂಪು ವೈನು, ತಯಾರಿಸಿದವರು, ದೆಲ್ಫಿನಾ ಬರ್ದಿಸ್ಸೋನೆ.

ನಲವತ್ತು ಸುಗ್ಗಿಗಳಲ್ಲಿ ಯಾವ ಕಾಗದದ ಮೇಲೂ ಯಾರೂ ಹೀಗೆ ಬರೆದಿರಲಿಲ್ಲ. ಅವಳು ಪೆನ್ನಿನ ತುದಿಯನ್ನು ತನ್ನ ಹೆಸರಿನ ಕೆಳಗಿಟ್ಟಳು.

"ಅದನ್ನ ಹೊಡೆದುಹಾಕಪ್ಪ," ಎಂದಳು. "ಗುರುವಾರದ ಮೇಲೆ ಅದು ನನ್ನ ವೈನಲ್ಲ."