ಹನ್ನೆರಡು ಪಾಲಿನ ಊರು

1944ನೇ ಇಸವಿ ಫೆಬ್ರವರಿ 14, ಸೋಮವಾರ ಬೆಳಿಗ್ಗೆ ಬಿಲ್ವಗುಂಟೆಯ ರೇಷನ್ ಡಿಪೋ ನಡೆಸುವ ವೆಂಕಟರಾಯಪ್ಪ ದೊಡ್ಡಬಳ್ಳಾಪುರ ಠಾಣೆಗೆ ಬಂದು ದೂರು ಕೊಟ್ಟ. ಪೇಟೆಯಿಂದ ಹೊರಟ ಮೂರು ಮೂಟೆ ಸಕ್ಕರೆಯಲ್ಲಿ ಒಂದನ್ನು ಗಾಡಿಯ ಖಾಸಿಂ ದಾರಿಯಲ್ಲೇ ಮಾರಿಕೊಂಡಿದ್ದಾನೆ ಎಂಬುದು ಅದರ ಸಾರಾಂಶ. ಯುದ್ಧಕಾಲದ ಸಕ್ಕರೆ. ಇನ್ಸ್‌ಪೆಕ್ಟರ್ ಲಕ್ಷ್ಮಯ್ಯ ತಡಮಾಡದೆ ಎಫ್‌ಐಆರ್ ದಾಖಲಿಸಿದರು. ಮಧ್ಯಾಹ್ನದ ಹೊತ್ತಿಗೆ ಖಾಸಿಂ ಲಾಕಪ್ಪಿನಲ್ಲಿದ್ದ. ಅವನ ಜೋಡೆತ್ತುಗಳನ್ನು ಠಾಣೆಯ ಹುಣಸೆಮರಕ್ಕೆ ಕಟ್ಟಿದ್ದರು. ಅವುಗಳ ಕೊಂಬಿಗೆ ಹೊಸದಾಗಿ ಕೆಂಪು ಬಣ್ಣ ಬಳಿದಿತ್ತು.

"ಕೊಂಬಿಗೆ ಬಣ್ಣ ಯಾಕಯ್ಯ? ಸಂಕ್ರಾಂತಿ ಮುಗಿದು ತಿಂಗಳಾಯ್ತು."

"ಗಂಗಲಕ್ಷ್ಮಿ ಮದುವೆ ಸ್ವಾಮಿ, ರಾಯಪ್ಪಣ್ಣನ ಮಗಳು. ದಿಬ್ಬಣಕ್ಕೆ ನಂದೇ ಗಾಡಿ."

"ನಿನ್ನ ಮೇಲೆ ದೂರು ಕೊಟ್ಟೋನೂ ಅದೇ ರಾಯಪ್ಪ."

ಖಾಸಿಂ ನಕ್ಕುಬಿಟ್ಟ. "ಬೇರೆ ಯಾರೋ ಇರ್ಬೇಕು, ಸರಿಯಾಗಿ ನೋಡಿ. ಇಪ್ಪತ್ತು ವರ್ಷದ ದೋಸ್ತಿ ನಮ್ದು."

ಲಕ್ಷ್ಮಯ್ಯ ದೂರಿನ ಕೆಳಗಿನ ಸಹಿ ತೋರಿಸಿದರು. ಖಾಸಿಂಗೆ ಓದು ಬಾರದು, ಆದರೆ ಆ ಸಹಿಯ ಉದ್ದ ಬಾಲ ಅವನಿಗೆ ಗೊತ್ತಿತ್ತು. ಅವನ ನಗು ನಿಂತಿತು. ಆಮೇಲೆ ಎಷ್ಟು ಕೆದಕಿದರೂ ಗೆಳೆಯನ ಮೇಲೆ ಒಂದು ಮಾತು ಆಡಲಿಲ್ಲ. "ಮೂರು ಮೂಟೆನೂ ಡಿಪೋಲಿ ಇಳಿಸಿದ್ದೀನಿ" ಎಂದಷ್ಟೇ ಹೇಳಿದ.

ಮರುದಿನ ದೂರುದಾರನ ವಿಚಾರಣೆ.

"ಊರಲ್ಲಿ ಎಷ್ಟು ಮನೆ?"

"ನೂರಿಪ್ಪತ್ತು."

"ಒಂದು ಮೂಟೆ ಎಷ್ಟು ಮನೆಗೆ?"

"ನಲವತ್ತಕ್ಕೆ. ಬಂದ ಎರಡು ಮೂಟೇಲಿ ಮೂರರಲ್ಲೆರಡು ಪಾಲು ಮನೆಗೆ ಸಕ್ಕರೆ ಕೊಟ್ಟೆ. ಮುಕ್ಕಾಲು ಪಾಲು ಮನೆಗೆ ಸೀಮೆಎಣ್ಣೆ."

"ಎರಡೂ ಸಿಕ್ಕಿದೋರು?"

"ಸರಕು ಕಮ್ಮಿ ಬಂತಲ್ಲ, ಕೈಗೂಸಿರೋ ಮನೆಗೆ ಮಾತ್ರ ಎರಡೂ ಅಂತ ಊರಿನೋರೇ ಕಟ್ಟು ಮಾಡಿದ್ರು. ಅದು ಕಾಲು ಪಾಲು."

"ಏನೂ ಸಿಗದೋರು?"

"ಆರರಲ್ಲೊಂದು ಪಾಲು. ಜಾಲಹಳ್ಳಿ ಮಿಲಿಟರಿ ಕ್ಯಾಂಪಿಗೆ ಕೂಲಿಗೆ ಹೋಗವ್ರೆ, ಮನೆಗೆ ಬೀಗ."

ಒಂದಕ್ಕೂ ತಡವರಿಸಲಿಲ್ಲ. ಅವನು ಹೋದಮೇಲೆ ಲಕ್ಷ್ಮಯ್ಯ ಕಾನ್‌ಸ್ಟೇಬಲ್ ರಾಮಾಂಜಿನಪ್ಪನನ್ನು ಕರೆದರು.

"ಮುಕ್ಕಾಲು, ಮೂರರಲ್ಲೆರಡು, ಕಾಲು, ಆರರಲ್ಲೊಂದು. ಇಷ್ಟಕ್ಕೂ ಹೊಂದೋದು ಹನ್ನೆರಡು. ಊರನ್ನ ಹನ್ನೆರಡು ಪಾಲು ಮಾಡು."

"ಎಣ್ಣೆ ಒಂಬತ್ತು ಪಾಲು, ಸಕ್ಕರೆ ಎಂಟು. ಹದಿನೇಳು! ಹನ್ನೆರಡು ದಾಟೋಯ್ತು. ಸಿಕ್ಕಿಬಿದ್ದ ಸಾರ್!"

"ತಾಳಯ್ಯ. ನೀನು ಬೀಡಿನೂ ಸೇದ್ತೀಯ, ನಶ್ಯನೂ ಏರಿಸ್ತೀಯ. ಅದಕ್ಕೆ ಇಬ್ಬರಾಗ್ತೀಯಾ? ಎರಡೂ ತಗೊಂಡ ಮನೆಗಳನ್ನ ಎರಡು ಸಲ ಎಣಿಸಿದ್ದೀವಿ. ಒಂದು ಸಲದ್ದು ಕಳಿ."

"ಕಾಲು ಅಂದ್ರೆ ಮೂರು. ಹದಿನಾಲ್ಕು."

"ಬೀಗದ ಮನೆ ಸೇರಿಸು."

"ಎರಡು ಪಾಲು. ಹದಿನಾರು." ರಾಮಾಂಜಿನಪ್ಪ ತಲೆ ಕೆರೆದುಕೊಂಡ. "ನಾಕು ಪಾಲು ಜಾಸ್ತಿ. ಅಂದ್ರೆ ನಲವತ್ತು ಮನೆ. ಎಲ್ಲಿಂದ ಬಂದ್ವು ಸಾರ್?"

"ಎಲ್ಲಿಂದಲೂ ಬಂದಿಲ್ಲ. ನಲವತ್ತು ಮನೆ ಅಂದ್ರೆ ಒಂದು ಮೂಟೆ. ನಾಲ್ಕರಲ್ಲಿ ಯಾವ ಮಾತು ಸುಳ್ಳು ಅಂತ ಊರಲ್ಲೇ ನೋಡೋಣ."

ಬುಧವಾರ ಚಾವಡಿಯ ಮುಂದೆ ಮನೆಗೊಬ್ಬರಂತೆ ಬಂದು ನಿಂತರು. ವೆಂಕಟರಾಯಪ್ಪ ಜಗಲಿಯ ಮೇಲಿದ್ದ. ಕೈಗೂಸಿರುವ ಮನೆಯವರು ಒಂದು ಕಡೆ ಸರಿದರು; ಮೂವತ್ತು. ಬೀಗದ ಮನೆಗಳನ್ನು ರಾಮಾಂಜಿನಪ್ಪ ಸುತ್ತಿ ನೋಡಿ ಬಂದ, ಇಪ್ಪತ್ತು. ಬರೀ ಎಣ್ಣೆ ಸಿಕ್ಕಿದವರು ಅರವತ್ತು. ಅಲ್ಲಿಯವರೆಗೆ ಎಲ್ಲವೂ ವೆಂಕಟರಾಯಪ್ಪ ಹೇಳಿದಂತೆಯೇ ಇತ್ತು.

"ಬರೀ ಸಕ್ಕರೆ ಸಿಕ್ಕಿದೋರು ಈ ಕಡೆ ಬನ್ನಿ."

ಐವತ್ತು ಜನ ಬರಬೇಕಿತ್ತು. ಹತ್ತು ಜನ ಬಂದರು.

ಎಣ್ಣೆಯವರ ಗುಂಪಿನಲ್ಲಿದ್ದ ಮೇಲಿನ ಬೀದಿಯ ಪಿಳ್ಳಮ್ಮ ಮೊದಲು ಬಾಯಿಬಿಟ್ಟಳು. "ಕೆಳಗಿನ ಬೀದಿಗೆಲ್ಲ ಸಕ್ಕರೆ ಕೊಟ್ಟೆ ಅಂದ್ಯಲ್ಲೋ ರಾಯಪ್ಪ?"

"ಅಯ್ಯೋ, ನಮ್ಗೆ ಮೇಗಳ ಬೀದಿಗೆ ಕೊಟ್ಟೆ ಅಂದ!" ಎಂದಳು ಅದೇ ಗುಂಪಿನಲ್ಲಿದ್ದ ಕೆಳಗಿನ ಬೀದಿಯ ಪಾಪಕ್ಕ.

ಎರಡು ಬೀದಿಯವರೂ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಜಗಲಿಯ ಕಡೆ ನೋಡಿದರು. ವೆಂಕಟರಾಯಪ್ಪ ತಲೆಯ ವಲ್ಲಿ ತೆಗೆದು ಬೆವರು ಒರೆಸಿಕೊಂಡ.

ಇಬ್ಬರು ಪಂಚರ ಮುಂದೆ ಅವನ ಮನೆ ಶೋಧಿಸಿ ಪಂಚನಾಮೆ ಬರೆಯಲಾಯಿತು. ರಾಗಿ ತುಂಬಿಡುವ ಮಣ್ಣಿನ ವಾಡೆಗಳ ಹಿಂದೆ ಎರಡು ಮೂಟೆ ಸಕ್ಕರೆ ಇತ್ತು. ಪೇಟೆಯಲ್ಲಿ ಹಾಕಿದ ಮುದ್ರೆ ಹಾಗೆಯೇ ಇತ್ತು. ಒಂದನ್ನು ಅವನು ಇಲ್ಲದ ನಲವತ್ತು ಮನೆಗಳ ಮೇಲೆ ಹಾಕಿದ್ದ, ಇನ್ನೊಂದನ್ನು ಖಾಸಿಂನ ಮೇಲೆ.

"ಬೀಗರು ಮೂರು ಹೊತ್ತೂ ಬೂಂದಿ ಲಾಡು ಆಗ್ಲೇಬೇಕು ಅಂದ್ರು ಸ್ವಾಮಿ. ಬೆಲ್ಲದ ಅಡುಗೆ ಬಡಿಸಿದ್ರೆ ಎಲೆ ಮುಂದಿಂದ ಎದ್ದು ಹೋಗ್ತೀವಿ ಅಂದ್ರು."

"ಅದಕ್ಕೆ ಖಾಸಿಂ ಹೆಸರೇ ಬೇಕಾಗಿತ್ತಾ?"

"ಬೇರೆ ಗಾಡಿಯೋನಾಗಿದ್ರೆ ನನ್ನ ಮೇಲೇ ತಿರುಗಿಬೀಳ್ತಿದ್ದ. ಇವನು ನನ್ನ ಮೇಲೆ ಮಾತಾಡಲ್ಲ ಅಂತ ಗೊತ್ತಿತ್ತು."

ಸಂಜೆ ಅವನನ್ನು ದಸ್ತಗಿರಿ ಮಾಡಿ ಠಾಣೆಗೆ ತಂದಾಗ ಖಾಸಿಂನ ಬಿಡುಗಡೆಯಾಗಿತ್ತು. ಮೆಟ್ಟಿಲ ಮೇಲೆ ಇಬ್ಬರೂ ಎದುರಾದರು. "ಖಾಸಿಂ" ಎಂದ ವೆಂಕಟರಾಯಪ್ಪ. ಖಾಸಿಂ ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಮುಖ ಎತ್ತಲಿಲ್ಲ.

ಅವನು ನೇರವಾಗಿ ಊರಿಗೆ ಹೊರಡಲಿಲ್ಲ. ಠಾಣೆಯ ಬಾವಿಯಿಂದ ನೀರು ಸೇದಿ, ಹುಲ್ಲಿನ ಹಿಡಿ ಮಾಡಿಕೊಂಡು ಎತ್ತಿನ ಕೊಂಬು ಉಜ್ಜತೊಡಗಿದ. ಬಣ್ಣ ಬಿಡಲಿಲ್ಲ.

"ನೀರಿಗೆ ಹೋಗಲ್ಲ ಕಣಯ್ಯ ಅದು" ಎಂದ ರಾಮಾಂಜಿನಪ್ಪ. "ಸೀಮೆಎಣ್ಣೆ ಬೇಕು. ಲಾಟೀನಿಂದು ಒಂಚೂರು ಕೊಡ್ಲಾ?"

"ಬೇಡ ಸ್ವಾಮಿ." ಖಾಸಿಂ ಉಜ್ಜುವುದನ್ನು ನಿಲ್ಲಿಸಲಿಲ್ಲ. "ನನ್ನ ಕೈಗೆ ಏನೂ ಕೊಡಬೇಡಿ. ಆಮೇಲೆ ಕಮ್ಮಿ ಬಂತು ಅಂತಾರೆ."