ದಿನಕ್ಕೊಂದೇ ಲೇಖನ

"ಮಿಸ್, ನಿಮ್ಮ ಹತ್ರ ಒಂದು ವಿಷಯ ಕೇಳಬೇಕಿತ್ತು..."

ಸ್ಟಾಫ್ ರೂಮಿನ ಬಾಗಿಲಲ್ಲಿ ಲೈಬ್ರರಿಯನ್ ನಿಂತಿದ್ದ. ಜೀವಶಾಸ್ತ್ರದ ಹೊಸ ಟೀಚರ್ ಕೈಯಲ್ಲಿದ್ದ ಪುಸ್ತಕವನ್ನು ತಟ್ಟನೆ ಮುಚ್ಚಿದಳು. ಮಕ್ಕಳು ಅವಳಿಗೆ ಪಿಸುಮಾತಿನ ಮಿಸ್ ಎಂದು ಹೆಸರಿಟ್ಟಿದ್ದರು. ಈಗ ಪಿಸುಮಾತೂ ಹೊರಡಲಿಲ್ಲ.

ಗೊತ್ತಾಗಿಹೋಯಿತೇ?

ಅವನು ಕೇಳಿದ್ದು ಅವಳ ತರಗತಿಯ ಪ್ರಾಜೆಕ್ಟ್ ಪಟ್ಟಿಯನ್ನು ಮಾತ್ರ. ಡೇಟಾಬೇಸ್ ಬಂದ್ ಆಗಿದೆಯಲ್ಲ, ಬೇರೆ ಲೈಬ್ರರಿಗಳಿಂದ ಪುಸ್ತಕವಾದರೂ ತರುತ್ತೇನೆ ಎಂದ. ಪಟ್ಟಿ ಕೈಗೆ ಬಂದದ್ದೇ, ಅವಳತ್ತ ನೋಡದೆ ಹೊರಟುಹೋದ.

ಆ ನೋಡದ ಕಣ್ಣುಗಳು ಅವಳನ್ನು ಚುಚ್ಚಿದವು.

ಆ ಡೇಟಾಬೇಸ್ ಎಂದರೆ, ಶಾಲೆ ಒಂದು ಕಂಪನಿಗೆ ವರ್ಷದ ಚಂದಾ ಕಟ್ಟಿ ಪಡೆದಿದ್ದ ಸಂಶೋಧನಾ ಲೇಖನಗಳ ಭಂಡಾರ. ಲೈಬ್ರರಿಯ ಪಾಸ್‌ವರ್ಡ್ ಹಾಕಿದರಷ್ಟೇ ತೆರೆಯುತ್ತಿತ್ತು. ಇರುವೆಗಳು ದಾರಿಯನ್ನು ಹೇಗೆ ನೆನಪಿಟ್ಟುಕೊಳ್ಳುತ್ತವೆ ಎಂದು ಓದಲು ಅವಳು ದಿನವೂ ಲೈಬ್ರರಿಗೆ ಹೋಗುತ್ತಿದ್ದಳು. ಪಾಸ್‌ವರ್ಡ್ ಹೇಳಿಕೊಟ್ಟು, ಹುಡುಕುವ ಬಗೆಯನ್ನು ಪಕ್ಕದಲ್ಲಿ ಕೂತು ಕಲಿಸಿದವನು ಅವನೇ.

ಒಂದು ದಿನ ಗಣಿತದ ಮೇಡಂ ಎಲ್ಲರೆದುರು ನಕ್ಕರು. "ಅಲ್ವೇ, ನೀನು ಹೋಗೋದು ಇರುವೆ ಹುಡುಕೋಕೋ, ಸಕ್ಕರೆ ಹುಡುಕೋಕೋ?"

ಅವಳು ಕುಗ್ಗಿಹೋದಳು. ಇನ್ನು ಅವನೆದುರು ಸುಳಿಯಲೇಬಾರದು! ಶನಿವಾರ ಮಧ್ಯಾಹ್ನ ಮನೆಯಲ್ಲೇ ಕೂತು, ಸಿಕ್ಕಿದ ಲೇಖನಗಳನ್ನೆಲ್ಲ ಒಂದೇ ಸಮನೆ ಇಳಿಸಿಕೊಂಡಳು. ಮುನ್ನೂರ ಹನ್ನೆರಡು.

ಇದು ಮನುಷ್ಯರ ಕೆಲಸವಲ್ಲ, ಯಾರೋ ಯಂತ್ರ ಹಚ್ಚಿ ಕದಿಯುತ್ತಿದ್ದಾರೆ ಎಂದುಕೊಂಡ ಕಂಪನಿ ಇಡೀ ಶಾಲೆಗೇ ಬಾಗಿಲು ಹಾಕಿತು. ಪ್ರಾಜೆಕ್ಟ್ ಸಲ್ಲಿಸಲು ಮಕ್ಕಳಿಗೆ ಎಂಟೇ ದಿನ ಉಳಿದಿತ್ತು. ಲೈಬ್ರರಿಯನ್ ಪಾಸ್‌ವರ್ಡನ್ನು ಹೊರಗಿನವರಿಗೆ ಕೊಟ್ಟಿದ್ದಾನೆ ಎಂದು ಪ್ರಿನ್ಸಿಪಾಲ್ ಮೇಡಂ ಸಭೆಯಲ್ಲಿ ಅವನನ್ನು ಹಿಗ್ಗಾಮುಗ್ಗಾ ಬೈದರು. ಸೋಮವಾರದೊಳಗೆ ಸರಿಯಾಗದಿದ್ದರೆ ಕೆಲಸ ಬಿಡಬೇಕು ಎಂದರು.

ಹೇಳು... ಈಗಲಾದರೂ ಹೇಳು...

ಮನಸ್ಸು ಹೀಗೆ ತಿವಿಯುತ್ತಿದ್ದರೂ, ಅವಳು ಆ ಸಭೆಯಲ್ಲಿ ಪುಸ್ತಕದ ಅಂಚಿನಲ್ಲಿ ಇರುವೆಯ ಚಿತ್ರ ಬಿಡಿಸುತ್ತಾ ಕೂತಿದ್ದಳು. ಅದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಮುಖವೇ ಬೇಡವೆನಿಸುತ್ತಿತ್ತು.

ಇಂದು ನೋಡಿದರೆ, ತನ್ನ ಕೆಲಸವೇ ತೂಗಾಡುತ್ತಿದ್ದರೂ, ಅವನು ಅವಳ ಮಕ್ಕಳಿಗಾಗಿ ಓಡಾಡುತ್ತಿದ್ದ.

ಮಧ್ಯಾಹ್ನದ ಗಂಟೆ ಹೊಡೆದಾಗ ಅವಳು ಪ್ರಿನ್ಸಿಪಾಲ್ ಕೋಣೆಗೆ ನಡೆದಳು. ನಡೆದದ್ದನ್ನೆಲ್ಲ ಒಪ್ಪಿಕೊಂಡಳು. ಕಂಪನಿಗೆ ಕ್ಷಮಾಪಣೆ ಪತ್ರವನ್ನೂ ಅಲ್ಲೇ ಬರೆದುಕೊಟ್ಟಳು. ಆಮೇಲೆ ಲೈಬ್ರರಿಗೆ ಬಂದಳು.

"ಸರ್... ಅದು ನಾನೇ."

"ಗೊತ್ತಿತ್ತು," ಎಂದ ಅವನು, ಮೆಲ್ಲಗೆ. "ಕಂಪನಿಯವರು ಪಟ್ಟಿ ಕಳಿಸಿದ್ರು. ಮುನ್ನೂರ ಹನ್ನೆರಡೂ ಇರುವೇನೇ. ಈ ಶಾಲೇಲಿ ಇನ್ಯಾರು ಓದ್ತಾರೆ?"

ಅವಳ ಕಣ್ಣು ತುಂಬಿತು. "ಮತ್ತೆ ಯಾಕೆ ಹೇಳಲಿಲ್ಲ?"

"ನಿಮ್ಮ ಹೆಸರು ಹೇಳಿದ್ರೆ ನೀವು ಈ ಕಡೆ ತಲೆ ಹಾಕ್ತಿರಲಿಲ್ಲ. ಹೇಳದೇ ಇದ್ರೂ ಬರೋದು ಬಿಟ್ರಿ. ನಾನೇನು ತಪ್ಪು ಮಾಡಿದೆ ಅಂತ ದಿನಾ ಯೋಚ್ನೆ ಮಾಡ್ತಿದ್ದೆ."

"ದಿನಾ ನಿಮ್ಮನ್ನ ನೋಡೋಕೆ ಬರ್ತೀನಿ ಅಂತ ಎಲ್ಲರೂ ನಗ್ತಿದ್ರು... ನಿಜಾನೇ ಆಗಿದ್ರಿಂದ ತಡ್ಕೊಳ್ಳೋಕಾಗಲಿಲ್ಲ."

ಮಾತು ಬಾಯಿಂದ ಜಾರಿಹೋಗಿತ್ತು. ಅವಳು ನೆಲ ನೋಡಿದಳು.

ಸೋಮವಾರ ಬೆಳಿಗ್ಗೆ ಡೇಟಾಬೇಸ್ ತೆರೆಯಿತು. ಪ್ರಿನ್ಸಿಪಾಲ್ ಮೇಡಂ ಅವಳಿಗೆ ಶಿಕ್ಷೆ ವಿಧಿಸಿದ್ದರು. ಇಳಿಸಿಕೊಂಡದ್ದನ್ನೆಲ್ಲ ಅಳಿಸಬೇಕು. ಇನ್ನು ಮುಂದೆ ಲೈಬ್ರರಿಯನ್ ಎದುರಿಗೇ ಕೂತು, ದಿನಕ್ಕೊಂದೇ ಲೇಖನ ಓದಬೇಕು.

ಅವನು ಅವಳಿಗೆ ಕುರ್ಚಿ ಎಳೆದುಕೊಟ್ಟ.

"ಮುನ್ನೂರ ಹನ್ನೆರಡು ದಿನ ಆಗುತ್ತಲ್ಲ..." ಎಂದಳು, ತಲೆ ತಗ್ಗಿಸಿ.

"ಅಷ್ಟೇನಾ?" ಎಂದ ಅವನು. "ಇನ್ನೂ ಹುಡುಕೋಣ, ಸಿಗುತ್ತೆ."